ಹಿಂದಿನ ಎಡ ಚಕ್ರದ ನಟ್ಟು

ನನ್ನ ಅಕ್ಕ ಗಿರಿಜಾಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಹನ್ನೆರಡು ವರ್ಷ ಹೇಳಲಿಲ್ಲ. ಹೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು. ಚಾಮರಾಜಪೇಟೆಯ ಒಂದೇ ಮನೆಯಲ್ಲಿದ್ದೆವು, ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದೆವು, ಆದರೂ ಹೇಳಲಿಲ್ಲ. ಆಕೆ ಮಾಡದ ತಪ್ಪು ಆಕೆಯ ತಲೆಯ ಮೇಲಿತ್ತು. ಅದನ್ನು ಅಲ್ಲೇ ಇರಲು ಬಿಟ್ಟು ನಾನು ಗ್ಯಾರೇಜು ನಡೆಸಿದೆ, ಒಳ್ಳೆಯ ಕೆಲಸಗಾರ ಅನ್ನಿಸಿಕೊಂಡೆ.

ಕಾರುಗಳ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಪರಿಚಯದವರು ಕೇಳಿದಾಗ ಮೊದಲು ಒಲ್ಲೆ ಎಂದೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಈಗಲೂ ಒಂದು ಪುಟ ಓದುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಬರೆಯುವುದಾದರೆ ಈ ಮಾತನ್ನು ಬಿಟ್ಟು ಬರೆಯಲಾಗದು ಎಂದು ಗೊತ್ತಿದ್ದುದೂ ಒಂದು ಕಾರಣ.

ನಾನು ಕೆಲಸ ಕಲಿತದ್ದು ಕಲಾಸಿಪಾಳ್ಯದ ದಸ್ತಗೀರ್ ಸಾಹೇಬರ ಹತ್ತಿರ. ಅವರು ಲಾರಿಗಳ ಪಟ್ಟಿ ಸ್ಪ್ರಿಂಗ್ ಕಟ್ಟುತ್ತಿದ್ದರು. ಕಾದ ಪಟ್ಟಿಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿ ಕೊಟ್ಟು ಕೇಳಿ, ಇದು ಆಗುತ್ತೆ, ಇದು ಆಗಲ್ಲ ಎನ್ನುತ್ತಿದ್ದರು. ಬೈಯುವಾಗಲೂ ದನಿ ಏರುತ್ತಿರಲಿಲ್ಲ. ಅದರಿಂದಲೇ ಅವರ ಬೈಗುಳ ಬಹಳ ದಿನ ಉಳಿಯುತ್ತಿತ್ತು.

ತೊಂಬತ್ತರ ಸುಮಾರಿಗೆ ಚಾಮರಾಜಪೇಟೆಯಲ್ಲಿ ನನ್ನದೇ ಶೆಡ್ಡು ಹಾಕಿಕೊಂಡೆ. ಆಗ ಕಾರನ್ನು ನೆಲಕ್ಕೆ ತಗ್ಗಿಸಿ ಓಡಿಸುವ ಹುಚ್ಚು ಕಾಲೇಜು ಹುಡುಗರಿಗೆ ಹೊಸದಾಗಿ ಹಿಡಿದಿತ್ತು. ಅಂಥವನೊಬ್ಬ ಬಂದು, "ಗುರು, ಎರಡು ಇಂಚು ಕೆಳಗಿಳಿಸಿ ಕೊಡಿ, ತಿರುವಿನಲ್ಲಿ ಅಂಟಿಕೊಂಡು ಹೋಗ್ಬೇಕು" ಎಂದ. ನಾನು ಗ್ಯಾಸ್ ಕಟರ್ ಹಚ್ಚಿ ನಾಲ್ಕೂ ಸ್ಪ್ರಿಂಗಿನ ಒಂದೊಂದು ಸುತ್ತು ಕತ್ತರಿಸಿ ಕೊಟ್ಟೆ. ನೋಡಲು ಚೆನ್ನಾಗಿಯೇ ಕಂಡಿತು. ವಾರದೊಳಗೆ ಅವನು ಬಂದು, ತಿರುವಿನಲ್ಲಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಚರಂಡಿಗೆ ಇಳಿಯಿತು ಎಂದ. ದಸ್ತಗೀರ್ ಸಾಹೇಬರಿಗೆ ಸುದ್ದಿ ಹೋಯಿತು. ಬಂದರು, ಕತ್ತರಿಸಿದ ತುದಿಯನ್ನು ಬೆರಳಿನಿಂದ ಸವರಿದರು.

"ನಂಜುಂಡ ಬೇಟಾ, ಸ್ಪ್ರಿಂಗ್ ಇರೋದು ಯಾಕೆ? ನೆಲ ಏನ್ ಹೇಳುತ್ತೋ ಅದನ್ನ ಕೇಳೋಕೆ. ನೀನು ಅದರ ಕಿವೀನೇ ಸುಟ್ಟುಬಿಟ್ಟಿದೀಯ."

ಬೆಂಕಿ ತಗುಲಿದ ಉಕ್ಕು ಹದ ಕಳೆದುಕೊಳ್ಳುತ್ತದೆ ಎಂದು ಅವರ ಹತ್ತಿರವೇ ಎಂಟು ವರ್ಷ ಕಲಿತಿದ್ದೆ. ಗೊತ್ತಿದ್ದೂ ಮಾಡಿದ್ದೆ, ಏಕೆಂದರೆ ಬೇಗ ಆಗುತ್ತಿತ್ತು. ಈ ಕೆಲಸದಲ್ಲಿ ಗೊತ್ತಿಲ್ಲದೆ ಆದ ತಪ್ಪುಗಳು ಕಡಿಮೆ. ಗೊತ್ತಿದ್ದೂ ಆತುರದಲ್ಲಿ ಮಾಡಿದವೇ ಹೆಚ್ಚು.

ಅಕ್ಕ ಶೆಡ್ಡಿಗೆ ಬರಲು ಶುರುವಾದದ್ದು ಮಹೇಶನ ಕಾರಿನಿಂದ. ಮಹೇಶ ತರಗುಪೇಟೆಯ ಬೇಳೆ ಮಂಡಿಯವರ ಮಗ. ಅವನ ಚಿಕ್ಕಪ್ಪ ಎಂದೋ ಕೊಂಡಿಟ್ಟಿದ್ದ ವಿಲಾಯತಿ ಕಾರೊಂದಿತ್ತು, ಎರಡೇ ಸೀಟು, ತಗಡಿನ ಮೈ, ಸೊಂಟದೆತ್ತರಕ್ಕೂ ಬಾರದಷ್ಟು ತಗ್ಗು. ಅದನ್ನು ಚೆನ್ನೈ ಹತ್ತಿರದ ರೇಸಿನ ಟ್ರ್ಯಾಕಿನಲ್ಲಿ ಓಡಿಸುವ ಆಸೆ ಅವನಿಗೆ. ನೇರ ದಾರಿಯಲ್ಲಿ ಕಾರು ಚೆನ್ನಾಗಿ ಓಡುತ್ತಿತ್ತು. ತಿರುವು ಬಂದರೆ ಮುಂದಿನ ಟೈರುಗಳು ಹಿಡಿತ ಬಿಟ್ಟು ನೇರಕ್ಕೇ ಜಾರುತ್ತಿದ್ದವು. ನಾನು ಗಟ್ಟಿ ಸ್ಪ್ರಿಂಗ್ ಹಾಕಿದೆ, ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದೆ, ಕೀಲುಗಳಲ್ಲಿನ ರಬ್ಬರ್ ಬುಷ್ ತೆಗೆದು ನೈಲಾನಿನದನ್ನು ಲೇತಿನಲ್ಲಿ ಕಡೆಸಿ ಹಾಕಿದೆ. ಗಟ್ಟಿ ಮಾಡಿದಷ್ಟೂ ಜಾಸ್ತಿ ಜಾರಿತು.

ಅಕ್ಕ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮದುವೆಯಾಗಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಶಾಲೆಗೇ ಮೊದಲು ಬಂದವಳು. ಅಪ್ಪ ತೀರಿಕೊಂಡದ್ದರಿಂದ ಓದು ಅಲ್ಲಿಗೇ ನಿಂತಿತ್ತು. ಒಂದು ಮಧ್ಯಾಹ್ನ ಊಟದ ಕ್ಯಾರಿಯರ್ ತಂದವಳು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಲೋ, ಇದು ಹೊರಗಡೆ ಅಂಚು ಮಾತ್ರ ಸವೆದಿದೆ. ಒಳಗಡೆ ಹೊಸದರ ಹಾಗೇ ಇದೆ."

"ಟ್ರ್ಯಾಕಲ್ಲಿ ಹಾಗೇ ಸವೆಯೋದು, ನಿನಗೆ ಗೊತ್ತಾಗಲ್ಲ ಬಿಡಕ್ಕ."

"ರವಿಕೆ ತೋಳು ಕತ್ತರಿಸೋವಾಗ ಕೈ ಇಳಿಬಿಟ್ಟಾಗ ಎಷ್ಟು ಬೇಕೋ ಅಷ್ಟಕ್ಕೇ ಬಿಗಿ ಕೂರಿಸಿದ್ರೆ ಏನಾಗುತ್ತೆ ಹೇಳು? ಕೈ ಎತ್ತಿದ ತಕ್ಷಣ ಕಂಕುಳಲ್ಲಿ ಹರಿಯುತ್ತೆ. ಇಳಿಬಿಟ್ಟಾಗ ಒಂಚೂರು ಮಡಿಕೆ ಬೀಳ್ಬೇಕು, ಎತ್ತಿದಾಗ ಸರಿಯಾಗುತ್ತೆ. ನಿನ್ನ ಚಕ್ರ ನಿಂತಾಗ ಚೆನ್ನಾಗಿ ನೆಟ್ಟಗಿದೆ. ತಿರುಗಿದಾಗ?"

ನಾನೂ ಬಗ್ಗಿ ಟೈರು ನೋಡಿದೆ. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ, ಅದರೊಡನೆ ಚಕ್ರವೂ ವಾಲಿ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಟೈರಿನ ಅರ್ಧ ನೆಲಕ್ಕೇ ತಾಗುವುದಿಲ್ಲ. ಇಷ್ಟು ವರ್ಷ ಕೆಲಸ ಮಾಡಿದ ನಾನು ಅದನ್ನು ಹೀಗೆ ಯೋಚಿಸಿರಲಿಲ್ಲ.

ಅಕ್ಕ ತನ್ನ ಟೈಲರ್ ಚಾಕ್ ತಂದು ಟೈರಿನ ಅಂಚಿನಿಂದ ಬದಿಯವರೆಗೆ ಗೆರೆಗಳನ್ನು ಎಳೆದಳು. ಬನಶಂಕರಿಯಾಚೆ ಇನ್ನೂ ಮನೆಗಳೇಳದ ಬಡಾವಣೆಯೊಂದರ ಖಾಲಿ ರಸ್ತೆಯಲ್ಲಿ ಮಹೇಶ ನಾಲ್ಕು ಸುತ್ತು ಓಡಿಸಿದ. ಇಳಿದು ನೋಡಿದರೆ ಗೆರೆ ಟೈರಿನ ಬದಿಯ ಮೇಲೂ ಒಂದು ಬೆರಳಿನಷ್ಟು ಅಳಿಸಿಹೋಗಿತ್ತು. ಚಕ್ರಗಳ ಮೇಲ್ತುದಿಯನ್ನು ಸ್ವಲ್ಪ ಒಳಕ್ಕೆ ವಾಲಿಸಿದೆವು. ಮತ್ತೆ ಗೆರೆ, ಮತ್ತೆ ಸುತ್ತು. ಮೂರನೇ ಸಲಕ್ಕೆ ಗೆರೆ ಅಳಿಸಿದ್ದು ಅಂಚಿಗೇ ನಿಂತಿತು. ಮಹೇಶ ಇಳಿದವನು ಅಕ್ಕನ ಕಾಲು ಮುಟ್ಟಲು ಹೋದ.

"ಗಿರಿಜಕ್ಕ, ನಂಜುಂಡಣ್ಣ ಕಾರು ಬಿಚ್ಚೋದಷ್ಟೇ. ಹೊಲಿಯೋದು ನೀವು."

"ಮೊದಲು ಬೆಲ್ಟ್ ಹಾಕಿಕೊಳ್ಳೋದು ಕಲಿಯಪ್ಪ. ಆಮೇಲೆ ನನ್ನ ಹೊಗಳು" ಎಂದಳು ಅಕ್ಕ.

ಆಮೇಲೆ ಅವಳು ದಿನವೂ ಮಧ್ಯಾಹ್ನ ಶೆಡ್ಡಿಗೆ ಬರುತ್ತಿದ್ದಳು. ಆಗ ಚಕ್ರ ಹೊಂದಿಸುವ ಕಂಪ್ಯೂಟರ್ ಯಂತ್ರ ನಮ್ಮಂಥವರ ಹತ್ತಿರ ಇರಲಿಲ್ಲ. ಕಾರಿನ ಎರಡೂ ಬದಿಗೆ ನಾಲ್ಕು ಕಬ್ಬಿಣದ ಕಾಲು ನಿಲ್ಲಿಸಿ, ಬಿಗಿಯಾಗಿ ದಾರ ಕಟ್ಟಿ, ದಾರದಿಂದ ಚಕ್ರದ ಮುಂದಂಚಿಗೆಷ್ಟು ಹಿಂದಂಚಿಗೆಷ್ಟು ಎಂದು ಉಕ್ಕಿನ ಸ್ಕೇಲಿನಲ್ಲಿ ಅಳೆಯುತ್ತಿದ್ದೆವು. ನಾನು ಅಳೆದು ಹೇಳುತ್ತಿದ್ದೆ, ಅವಳು ಲೆಕ್ಕ ಹಾಕಿ ಎಷ್ಟು ತಿರುಗಿಸಬೇಕು ಎನ್ನುತ್ತಿದ್ದಳು. ಅರ್ಧ ಮಿಲಿಮೀಟರು ತಪ್ಪಿದರೂ ಒಪ್ಪುತ್ತಿರಲಿಲ್ಲ. ಎರಡು ಮೂರು ಕಾರು, ಆಮೇಲೆ ಹತ್ತು ಕಾರು ಬಂದವು. ಬಂದವರು ನನ್ನ ಕೈ ಕುಲುಕುತ್ತಿದ್ದರು. ಅಕ್ಕ ಕಾಫಿ ತರಲು ಹೋಗಿರುತ್ತಿದ್ದಳು.

ನಟ್ಟಿಗೆ ಕೆಂಪು ಹಚ್ಚುವ ಪದ್ಧತಿ ತಂದವಳೂ ಅವಳೇ. ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳಿನ ಬೋಲ್ಟುಗಳನ್ನು ಕಾರು ಎತ್ತಿ ನಿಲ್ಲಿಸಿದಾಗ ಪೂರ್ತಿ ಬಿಗಿಯಬಾರದು. ಬಿಗಿದರೆ ಇಳಿಸಿದಾಗ ಬುಷ್ ತಿರುಚಿಕೊಂಡು ನಿಲ್ಲುತ್ತದೆ. ಕೈಯಲ್ಲಿ ತಿರುಗಿಸಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಕಾಲ ಮೇಲೆ ಬಂದ ನಂತರ, ಶೆಡ್ಡಿನ ನೆಲದಲ್ಲಿ ತೋಡಿದ ಗುಂಡಿಗೆ ಇಳಿದು ಒಂದೊಂದಾಗಿ ಬಿಗಿಯಬೇಕು. ಬಿಗಿದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಮರೆಯುವುದು ಸುಲಭ. ಅದಕ್ಕೆ ನಾನು ಬಿಗಿದು "ಆಯ್ತು" ಎನ್ನಬೇಕು, ಆಗ ಅವಳು ಕೈ ಚಾಚಿ ಆ ನಟ್ಟಿನ ಮೇಲೆ ಉಗುರಿನ ಕೆಂಪು ಬಣ್ಣದ ಒಂದು ಗೀಟು ಎಳೆಯುತ್ತಿದ್ದಳು. ಕೆಂಪು ಇದ್ದರೆ ಬಿಗಿದಿದೆ, ಇಲ್ಲದಿದ್ದರೆ ಇಲ್ಲ. ನನಗೆ ಓದು ನಿಧಾನವಾದ್ದರಿಂದ ಪುಸ್ತಕದಲ್ಲಿ ಬರೆಯುವುದಕ್ಕಿಂತ ಇದು ಸಲೀಸಾಗಿತ್ತು. ಇಷ್ಟಾದರೂ ಗಾಡಿ ಹೊರಡುವ ಮುಂಚೆ ಪ್ರತಿ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡುವುದು ನಮ್ಮ ನಿಯಮ.

ಆ ವರ್ಷ ಮಹೇಶನ ಕಾರಿಗೆ ಹಿಂದಿನ ಎರಡೂ ತೋಳುಗಳನ್ನು ಹೊಸದಾಗಿ ಮಾಡಿಸಿ ಹಾಕಿದೆವು. ಹಳೆಯವಕ್ಕಿಂತ ಉದ್ದ, ಹಗುರ. ದಸರೆ ಹತ್ತಿರವಿತ್ತು. ಆಯುಧಪೂಜೆಯ ಹಿಂದಿನ ಸಂಜೆ ಕಾರನ್ನು ಇಳಿಸಿ ಗುಂಡಿಯಲ್ಲಿ ನಿಂತು ಬಿಗಿಯುತ್ತ ಬಂದೆ. ಕೊನೆಯದಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಶೆಡ್ಡಿನ ಬಾಗಿಲಿಗೆ ಬಂದ ನನ್ನ ಹೆಂಡತಿ, "ಮಾರ್ಕೆಟ್ಟಿಗೆ ಹೋಗಿ ಹೂವು, ಬೂದುಗುಂಬಳಕಾಯಿ ತರೋದು ಯಾವಾಗ? ಎಲ್ಲ ಖಾಲಿಯಾದ ಮೇಲಾ?" ಎಂದು ಕೂಗಿದಳು. ನಾನು ಗುಂಡಿಯಿಂದ ಹತ್ತಿ ಬಂದೆ. ಅಕ್ಕ ಸೀಸೆಯ ಮುಚ್ಚಳ ತಿರುಗಿಸಿ ಇಟ್ಟಳು. ಹಿಂದಿನ ಎಡ ಚಕ್ರದ ತೋಳಿನ ಒಳಗಡೆಯ ನಟ್ಟು ಹಾಗೇ ಉಳಿಯಿತು.

ಮರುದಿನ ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು ಮಣೆಯ ಮೇಲೆ ಸಾಲಾಗಿ ಜೋಡಿಸಿ ಪೂಜೆ ಮಾಡಿದೆವು. ಪ್ರತಿ ವರ್ಷ ಕಾರಿನ ಬಾನೆಟ್ಟಿಗೆ, ಚಕ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ ಮುಗಿಸುತ್ತಿದ್ದೆ. ಆ ಸಲ ಹೊಸ ತೋಳುಗಳ ಮೇಲೆ ನನಗೆ ಬಹಳ ಅಭಿಮಾನ. ಅಕ್ಕ ಹೊರಗೆ ಆರತಿಗೆ ಬತ್ತಿ ಹಚ್ಚುತ್ತಿದ್ದಾಗ ನಾನು ಕುಂಕುಮದ ಬಟ್ಟಲು ಹಿಡಿದು ಗುಂಡಿಗಿಳಿದೆ. ಒದ್ದೆ ಕುಂಕುಮವನ್ನು ಹೊಸ ತೋಳುಗಳಿಗೆ, ಅವುಗಳ ಒಂದೊಂದು ಬೋಲ್ಟಿಗೆ, ನಟ್ಟಿಗೆ ಬೆರಳಿನಿಂದ ಇಟ್ಟೆ. ಮೇಲೆ ಬಂದು ನಿಂಬೆಹಣ್ಣು ಇಟ್ಟೆ, ಕುಂಬಳಕಾಯಿ ಒಡೆದೆ. ಗುಂಡಿಯಲ್ಲಿ ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥ ಸಂಗತಿ ಎಂದು ಅನ್ನಿಸಲೂ ಇಲ್ಲ.

ವಿಜಯದಶಮಿಯ ಬೆಳಿಗ್ಗೆ ಅಕ್ಕ ಮಲ್ಲೇಶ್ವರದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಮಹೇಶ ಸಂಜೆಗೆ ಬರುತ್ತೇನೆ ಎಂದವನು ಹತ್ತು ಗಂಟೆಗೇ ಲಾರಿ ತಂದ. ಎರಡು ದಿನದಲ್ಲಿ ಚೆನ್ನೈಯಲ್ಲಿ ರೇಸು.

"ನಂಜುಂಡಣ್ಣ, ಈಗ್ಲೇ ಹೊರಡ್ಲಿಲ್ಲ ಅಂದ್ರೆ ಊರು ದಾಟೋಷ್ಟರಲ್ಲೇ ಸಂಜೆ ಆಗುತ್ತೆ. ಕೊಟ್ಬಿಡಿ."

ಮಣೆಯ ಮೇಲಿನ ಸಾಮಾನಿಗೆ ಸಂಜೆ ಮತ್ತೊಮ್ಮೆ ಪೂಜೆಯಾಗಿ ಕದಲಿಸಿದ ಮೇಲೇ ಕೈ ಹಚ್ಚುವುದು ನಮ್ಮ ಮನೆಯ ಪದ್ಧತಿ. ಅದಕ್ಕೂ ಮುಂಚೆ ಸ್ಪ್ಯಾನರ್ ಎತ್ತಲು ನನಗೆ ಮನಸ್ಸು ಬರಲಿಲ್ಲ. ಟಾರ್ಚ್ ಹಿಡಿದು ಗುಂಡಿಗಿಳಿದು ಕಣ್ಣಿನಲ್ಲೇ ನೋಡಿದೆ. ಪ್ರತಿ ನಟ್ಟಿನ ಮೇಲೂ ಕೆಂಪಿತ್ತು. ಹಿಂದಿನ ದಿನ ನಾನೇ ಇಟ್ಟ ಕುಂಕುಮ ಅದು ಎಂದು ಆ ಕ್ಷಣ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ನೀವು ನಂಬಲಾರಿರಿ. ಆತುರದಲ್ಲಿರುವ ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. "ತಗೊಂಡು ಹೋಗಪ್ಪ, ಎಲ್ಲ ಸರಿಯಿದೆ" ಎಂದೆ.

ಅಭ್ಯಾಸದ ಓಟದಲ್ಲೇ, ವೇಗದ ಬಲ ತಿರುವಿನಲ್ಲಿ, ಕಾರಿನ ಪೂರ್ತಿ ಭಾರ ಎಡ ಚಕ್ರಗಳ ಮೇಲೆ ಬಿದ್ದಾಗ, ಹಿಂದಿನ ಎಡ ಚಕ್ರ ತನ್ನಷ್ಟಕ್ಕೇ ಹೊರಳಿತು. ಕಾರು ಬುಗುರಿಯಂತೆ ಸುತ್ತಿ ಟೈರುಗಳ ಗೋಡೆಗೆ ಬಡಿಯಿತು. ಮಹೇಶನ ಹೆಗಲ ಮೂಳೆ, ಎಡಗೈ ಎರಡು ಕಡೆ ಮುರಿದವು. ಬೆಲ್ಟ್ ಹಾಕಿದ್ದರಿಂದ ಬದುಕಿದ.

ಕಾರು ಲಾರಿಯಲ್ಲಿ ನಮ್ಮ ಶೆಡ್ಡಿಗೇ ಬಂತು. ನಾನೊಬ್ಬನೇ ಅಡಿಗೆ ನುಸುಳಿದೆ. ಬೋಲ್ಟು ಬಾಗಿತ್ತು. ನಟ್ಟು ಕೊನೆಯ ಎರಡು ಸುತ್ತಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಅದರ ಒಂದು ಮೂಲೆಯಲ್ಲಿ ಕೆಂಪು. ಬೆರಳಿನಿಂದ ಮುಟ್ಟಿದೆ. ಬೆರಳಿಗೆ ಪುಡಿ ಹತ್ತಿತು. ಉಗುರಿನ ಬಣ್ಣ ಹಾಗೆ ಹತ್ತುವುದಿಲ್ಲ. ಪಕ್ಕದ ನಟ್ಟು ಒರೆಸಿದೆ. ಕುಂಕುಮ ಹೋಗಿ ಅದರಡಿಯಲ್ಲಿ ಅಕ್ಕನ ಗೀಟು ಕಂಡಿತು. ಮತ್ತೆ ಆ ನೇತಾಡುವ ನಟ್ಟನ್ನು ಒರೆಸಿದೆ. ಅಡಿಯಲ್ಲಿ ಬರೀ ಕಬ್ಬಿಣ.

ಆಗ ಎಲ್ಲ ನೆನಪಾಯಿತು. ಕರೆಂಟು ಹೋದದ್ದು, ಹತ್ತಿ ಬಂದದ್ದು, ಬಟ್ಟಲು ಹಿಡಿದು ಇಳಿದದ್ದು. ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಅಲ್ಲಿದ್ದ ಎಲ್ಲ ನಟ್ಟುಗಳನ್ನೂ ಉಜ್ಜಿದೆ. ಕುಂಕುಮವೂ ಹೋಯಿತು, ಅಕ್ಕನ ಗೀಟುಗಳೂ ಹೋದವು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಕೈ ತಾನಾಗಿ ಮಾಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿ ಮಾಡಿದೆ, ತಿಳಿದೇ ಮಾಡಿದೆ.

ಮಾರನೆಯ ದಿನ ಮಹೇಶನ ತಂದೆ ಬಂದರು. ಎಂದೂ ಶೆಡ್ಡಿಗೆ ಕಾಲಿಡದವರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಟ್ರ್ಯಾಕಿನವರು ಹೇಳಿದ್ರು, ನಟ್ಟು ಸಡಿಲ ಇತ್ತಂತೆ. ಯಾರ್ರೀ ನೋಡಿ ಕಳಿಸಿದ್ದು?"

ನಾನು ತಲೆ ಎತ್ತಲಿಲ್ಲ. "ಬಿಗಿದದ್ದಕ್ಕೆ ಗುರುತು ಹಾಕೋದು ಅಕ್ಕ, ಯಜಮಾನರೇ" ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಆಡಿಲ್ಲ.

ಅವರು ಅಕ್ಕನನ್ನು ಮೇಲಿನಿಂದ ಕೆಳಕ್ಕೆ ನೋಡಿದರು. "ರವಿಕೆ ಹೊಲಿಯೋರ ಕೈಗೆ ನನ್ನ ಮಗನ ಜೀವ ಕೊಟ್ಟಿದ್ದೆ ಅನ್ನು. ತಪ್ಪು ನಂದೇ ಬಿಡಯ್ಯ" ಎಂದು ಹೊರಟುಹೋದರು.

ಅಕ್ಕ ಒಳಗೆ ಬಂದು ಗುಂಡಿಯ ಅಂಚಿನಲ್ಲಿ ಕೂತಳು.

"ನಂಜುಂಡ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಕರೆಂಟ್ ಹೋಯ್ತಲ್ಲ, ಅವತ್ತು ಆ ಕೊನೇ ನಟ್ಟಿಗೆ ನಾನು ಬಣ್ಣ ಹಚ್ಚಿದ್ನೋ ಇಲ್ವೋ ನನಗೆ ಹೊಳೀತಾನೇ ಇಲ್ಲ. ನೀನು ಗಾಡಿ ಕಳಿಸೋವಾಗ ಅದರ ಮೇಲೆ ಕೆಂಪು ಇತ್ತಾ?"

"ಇತ್ತು" ಎಂದೆ.

"ಹಾಗಿದ್ರೆ ಕತ್ತಲಲ್ಲಿ ನೀನು ಬಿಗಿಯೋಕೆ ಮುಂಚೇನೇ ಹಚ್ಚಿಬಿಟ್ಟಿದೀನಿ" ಎಂದಳು. ನಾನು ಇಲ್ಲ ಎನ್ನಲಿಲ್ಲ. ಸ್ಪ್ಯಾನರ್ ಯಾಕೆ ಹಾಕಿ ನೋಡಲಿಲ್ಲ ಎಂದು ಅವಳು ಕೇಳಲೂ ಇಲ್ಲ. ಅವಳು ಅಳಲಿಲ್ಲ. ಬಣ್ಣದ ಸೀಸೆ, ದಾರದ ಉಂಡೆ, ಚಾಕ್ ಎಲ್ಲವನ್ನೂ ಕಿಟಕಿಯ ಮೇಲಿಟ್ಟು ಮನೆಗೆ ಹೋದಳು. ಮತ್ತೆ ಶೆಡ್ಡಿಗೆ ಬರಲಿಲ್ಲ.

ಆಸ್ಪತ್ರೆಗೆ ಹೋಗಿ ಮಹೇಶನ ಕ್ಷಮೆ ಕೇಳಿ ಬಂದಳು ಎಂದು ಆಮೇಲೆ ತಿಳಿಯಿತು. "ಬಿಡಿ ಗಿರಿಜಕ್ಕ, ರೇಸು ಅಂದ್ಮೇಲೆ ಇದೆಲ್ಲ ಇದ್ದದ್ದೇ" ಎಂದನಂತೆ. ಅವನು ಅಷ್ಟು ಒಳ್ಳೆಯವನಾಗಿದ್ದು ನನಗೆ ಅನುಕೂಲವೇ ಆಯಿತು. ಒಂದೆರಡು ವರ್ಷದ ಮೇಲೆ ಅವನೇ ಬೇರೆ ಕಾರು ತಂದ, ತನ್ನ ಗೆಳೆಯರನ್ನೂ ಕಳಿಸಿದ. "ಅಕ್ಕ ಬರಲ್ವಾ?" ಎಂದು ಒಮ್ಮೆ ಕೇಳಿದ. "ಹೊಲಿಗೆ ಕೆಲಸ ಜಾಸ್ತಿ" ಎಂದೆ.

ಕಾಲ ಬದಲಾಯಿತು. ಚಕ್ರ ಹೊಂದಿಸುವ ಯಂತ್ರಗಳು ಬಂದವು. ಎತ್ತರ ಏರಿಸಿ ಇಳಿಸಬಲ್ಲ ಸ್ಪ್ರಿಂಗು, ಎಷ್ಟು ಬಲಕ್ಕೆ ಬಿಗಿಯಬೇಕೋ ಅಷ್ಟಕ್ಕೆ ಕಟ್ಟೆಂದು ಸದ್ದು ಮಾಡುವ ಸ್ಪ್ಯಾನರು ಬಂದವು. ಹೊಸಬರು ದುಬಾರಿ ಸಾಮಾನು ಹಾಕಿ, ಕಾರನ್ನು ಕಲ್ಲಿನಂತೆ ಬಿಗಿ ಮಾಡಿ ತರುತ್ತಿದ್ದರು. ಗಟ್ಟಿತನವೇ ಹಿಡಿತ ಎಂದು ಅವರೂ ತಿಳಿದಿದ್ದರು. ಟೈರು ನೆಲಕ್ಕೆ ಪೂರ್ತಿ ತಾಗಿರುವುದೇ ಹಿಡಿತ, ಉಳಿದದ್ದೆಲ್ಲ ಅದಕ್ಕೆ ಸಹಾಯ ಮಾಡುವ ಸಾಮಾನು ಎಂದು ನಾನು ಹೇಳಿಕೊಡುತ್ತಿದ್ದೆ. ಚಾಕಿನ ಗೆರೆ ಎಳೆದು ತೋರಿಸುತ್ತಿದ್ದೆ. ಯಾರ ಹತ್ತಿರ ಕಲಿತಿರಿ ಎಂದರೆ ದಸ್ತಗೀರ್ ಸಾಹೇಬರ ಹೆಸರು ಹೇಳುತ್ತಿದ್ದೆ. ಅದೂ ಅರ್ಧ ನಿಜ.

ಮನೆಯಲ್ಲಿ ಅಕ್ಕ ಬೇರೆ ಮನುಷ್ಯಳಾದಳು. ಬೀಗ ಹಾಕಿ ಮೂರು ಸಲ ಎಳೆದು ನೋಡುವಳು, ಬೀದಿಯ ತುದಿಯಿಂದ ಮರಳಿ ಬಂದು ಮತ್ತೆ ಎಳೆಯುವಳು. ಗ್ಯಾಸಿನ ಗುಬುಟನ್ನು ನನ್ನ ಹೆಂಡತಿಯಿಂದ ಪರೀಕ್ಷೆ ಮಾಡಿಸುವಳು. ಹೊಲಿದ ಹುಕ್ಕುಗಳನ್ನು ಬಿಚ್ಚಿ ಮತ್ತೆ ಹೊಲಿಯುವಳು. ಬರಬರುತ್ತಾ ರವಿಕೆ ಕೊಡುವವರು ಕಡಿಮೆಯಾದರು. ಅರ್ಧ ಮಿಲಿಮೀಟರನ್ನು ಬಿಡದಿದ್ದ ಹೆಂಗಸು, "ನನ್ನ ಕಣ್ಣನ್ನ ನಂಬಬೇಡಿ, ನೀವೇ ಒಂದ್ಸಲ ನೋಡಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಪ್ರತಿ ಸಲವೂ ನಾನು ಆ ಕೋಣೆಯಿಂದ ಎದ್ದುಹೋಗುತ್ತಿದ್ದೆ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡಿದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಾಗಿ ಬರುತ್ತಿತ್ತು.

ಮಂಡಿ ನೋವು ಹೆಚ್ಚಾಗಿ ಗುಂಡಿಗೆ ಇಳಿಯಲಾಗದೆ ಹೋದಾಗ ಶೆಡ್ಡು ಮುಚ್ಚಲು ತೀರ್ಮಾನಿಸಿದೆ. ಈ ಕೆಲಸಕ್ಕೆ ಬರುವವರೇ, ನಿಮ್ಮಿಂದಲೂ ಒಂದು ನಟ್ಟು ಸಡಿಲ ಉಳಿಯುತ್ತದೆ. ಯಾರಿಂದಲೂ ಉಳಿಯದೆ ಇಲ್ಲ. ಉಳಿದಾಗ ಆ ಹೊತ್ತೇ ಬಾಯಿ ಬಿಡಿ. ಪೆಟ್ಟು ತಿಂದ ಕಾರನ್ನು ನೆಟ್ಟಗೆ ಮಾಡಲು ನನಗೆ ಮೂರು ತಿಂಗಳು ಹಿಡಿಯಿತು. ನನ್ನ ಸುಳ್ಳಿನಿಂದ ಪೆಟ್ಟು ತಿಂದವಳನ್ನು ನೆಟ್ಟಗೆ ಮಾಡಲು ನನಗೆ ಬರುವುದಿಲ್ಲ.

ಶೆಡ್ಡಿನ ಕೀಲಿ ಮಾಲೀಕರಿಗೆ ಕೊಡುವ ದಿನ ಬೆಳಿಗ್ಗೆ ಅಕ್ಕ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳಿನ ಸಿಪ್ಪೆ ಚಿಲುಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕ, ಕಡೇದಾಗಿ ಒಂದ್ಸಲ ಶೆಡ್ಡು ನೋಡಿ ಬರೋಣ, ಬಾ."

"ನಾನು ಯಾಕೋ? ನಾನು ಕಾಲಿಟ್ರೆ ಅಲ್ಲಿ ಇನ್ನೇನಾದ್ರೂ ಎಡವಟ್ಟಾಗುತ್ತೆ. ಒಳ್ಳೇದಾಗಿ ಮುಗಿಸ್ತಿದೀಯ, ಮುಗಿಸ್ಕೊಂಡು ಬಾ" ಎಂದಳು. ನಗುತ್ತಲೇ ಅಂದಳು. ಅದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ನನ್ನ ಮಂಡಿ ಮಡಚುವುದಿಲ್ಲ. ಗೋಡೆ ಹಿಡಿದು ಕಷ್ಟಪಟ್ಟು ಅವಳ ಎದುರಿಗೆ ನೆಲದ ಮೇಲೆ ಕೂತೆ. ಹೇಳಿದೆ. ಕುಂಕುಮ ಹಚ್ಚಿದ್ದು, ಸ್ಪ್ಯಾನರ್ ಎತ್ತದೆ ಕಣ್ಣಲ್ಲೇ ನೋಡಿ ಕಳಿಸಿದ್ದು, ಸೀಮೆಎಣ್ಣೆಯಲ್ಲಿ ಒರೆಸಿದ್ದು, ಅವಳು ಕೇಳಿದಾಗ ಇತ್ತು ಎಂದದ್ದು, ಒಂದನ್ನೂ ಬಿಡಲಿಲ್ಲ. ಅವಳ ಬೆರಳುಗಳು ಕಾಳಿನ ಮೇಲೆ ನಿಂತವು. ಆಮೇಲೆ ಕೇಳಿದ್ದು ಕೆಲಸ ಬಲ್ಲವಳ ಪ್ರಶ್ನೆ.

"ಕೈಗೆ ಪುಡಿ ಹತ್ತಿತಾ?"

"ಹತ್ತಿತು."

"ಅಡಿಯಲ್ಲಿ ಗೀಟು?"

"ಇರಲಿಲ್ಲ."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡಿದೆ ಅಕ್ಕ. ಬರೀ ಕಬ್ಬಿಣ."

ಅವಳು ತನ್ನ ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈ ಎನ್ನುವಂತೆ ನೋಡಿಕೊಂಡಳು. "ಹನ್ನೆರಡು ವರ್ಷ ಕಣೋ" ಎಂದಳು. "ನಾನು ಹಚ್ಚಿರಲಿಲ್ಲ."

"ಹಚ್ಚಿರಲಿಲ್ಲ. ನೀನು ಏನೂ ತಪ್ಪು ಮಾಡಿರಲಿಲ್ಲ ಅಕ್ಕ. ಮಾಡಿದೋನು ನಾನು, ಬಚ್ಚಿಟ್ಟೋನೂ ನಾನೇ. ತಪ್ಪಾಯ್ತು, ನನ್ನನ್ನ ಕ್ಷಮಿಸು."